ಕಾಳಯ್ಯನ ಬೆನ್ನಿನ ಹುಣ್ಣು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಒಂದೇ ಒಂದು ಕೊಳದಲ್ಲಿ ನೀರು ಉಳಿಯುತ್ತಿತ್ತು. ಆ ಕೊಳಕ್ಕೆ ಕಾಳಯ್ಯನೆಂಬ ಕಾಡುಕೋಣ ಯಜಮಾನ. ಅಲ್ಲಿ ಹಿರಿಯರ ಕಾಲದಿಂದ ಬಂದ ಒಂದು ಕಟ್ಟಳೆ ಇತ್ತು. ನೀರಿಗೆ ಬಾಯಿ ಹಾಕುವ ಮೊದಲು ಮನಸ್ಸಿನಲ್ಲಿದ್ದ ಮಾತನ್ನು ಆಡಿಬಿಡಬೇಕು. ಮಾತನ್ನು ಗಂಟಲಲ್ಲಿ ಇಟ್ಟುಕೊಂಡು ಕುಡಿದರೆ ನೀರು ನೆತ್ತಿಗೆ ಹತ್ತುತ್ತದೆ ಎಂದು ಎಲ್ಲರೂ ನಂಬಿದ್ದರು. ಯಾರು ಯಾರಿಗೆ ಏನು ಬೇಕಾದರೂ ಹೇಳಬಹುದಿತ್ತು. ಕೇಳಿದವರು ತಿರುಗಿ ಮಾತಾಡಬಹುದಿತ್ತು. ಆದರೆ ಕೊಂಬು ಆಡಿಸುವಂತಿರಲಿಲ್ಲ.

ಕಾಳಯ್ಯನ ಚರ್ಮ ಬಲು ದಪ್ಪ. ಮನಸ್ಸು ಮಾತ್ರ ಬಲು ತೆಳು. ಯಾರಾದರೂ ಒಂದು ಮಾತು ಅಂದರೆ ಸಾಕು, ಎರಡು ದಿನ ಹುಲ್ಲು ಮುಟ್ಟುತ್ತಿರಲಿಲ್ಲ. ಇಂಥವನ ಎದುರಿಗೆ ಸೀಬಕ್ಕನೆಂಬ ಹರಟೆಮಲ್ಲ ಹಕ್ಕಿ ಬರಬೇಕೆ! ಅವಳ ಬಾಯಿಗೆ ಬೀಗವೇ ಇರಲಿಲ್ಲ.

ಒಂದು ದಿನ ಸೀಬಕ್ಕ ದಡದ ಮೇಲೆ ಕುಪ್ಪಳಿಸುತ್ತಾ, "ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಕೊಳಕ್ಕೆ ಇಳೀಬೇಡಪ್ಪ ಕಾಳಯ್ಯ. ನೀನು ಎದ್ದು ಹೋದ ಮೇಲೆ ನಮಗೆ ಕೆಸರೇ ಗತಿ" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಕಾಳಯ್ಯನಿಗೆ ಅಳುವೇ ಬಂದಂತಾಯಿತು. ಸಿಟ್ಟಿನಿಂದ ಹೋಗಿ ಒಂದು ಮುರಿದ ಮರಕ್ಕೆ ಬೆನ್ನನ್ನು ಗಸಗಸ ಉಜ್ಜಿದನು. ಮರದ ಚೂಪು ಸಿಬಿರು ಬೆನ್ನಿಗೆ ಹೊಕ್ಕಿತು. ಸಿಟ್ಟಿನಲ್ಲಿ ಅದು ಅವನಿಗೆ ತಿಳಿಯಲೇ ಇಲ್ಲ.

ಎರಡು ದಿನ ಕಳೆಯಿತು. ಕಾಳಯ್ಯನಿಗೆ ಮೈಯೆಲ್ಲ ಉರಿ, ಜ್ವರ. ಅಲ್ಲಿಗೆ ಬಂದ ಗುಳ್ಳೆನರಿ ಅವನ ಬೆನ್ನನ್ನು ನೋಡಿತು. ಹುಣ್ಣಾಗಿತ್ತು. ನೊಣಗಳು ಮುತ್ತಿದ್ದವು. ನರಿಯ ಬಾಯಲ್ಲಿ ನೀರೂರಿತು. 'ಇದಕ್ಕೆ ಹುಳ ಬಿದ್ದರೆ ಇವನು ಹೆಚ್ಚು ದಿನ ಬದುಕುವುದಿಲ್ಲ. ಮಳೆಗಾಲದವರೆಗೆ ನನಗೆ ಊಟದ ಚಿಂತೆಯೇ ಇಲ್ಲ. ಆದರೆ ಯಾರಾದರೂ ಇವನಿಗೆ ಹೇಳಿಬಿಟ್ಟರೆ ಹಕ್ಕಿಗಳನ್ನು ಕರೆದು ಹುಳ ತೆಗೆಸಿಕೊಳ್ಳುತ್ತಾನೆ' ಎಂದು ಯೋಚಿಸಿತು.

ಗುಳ್ಳೆನರಿ ಮುಖ ಸಪ್ಪೆ ಮಾಡಿಕೊಂಡು, "ಒಡೆಯಾ, ಯಾಕೆ ಸೊರಗಿದ್ದೀರಿ?" ಎಂದು ಕೇಳಿತು.

"ಮೈ ಉರೀತಿದೆ ಕಣೋ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಯಾಕೆ ಅಂದರೇನು? ಆ ಸೀಬಕ್ಕನ ಮಾತು ಚುಚ್ಚಿದೆ. ಮಾತಿನ ನಂಜು ಮೈಗೇರಿದೆ. ಇನ್ನು ಮೇಲೆ ಮನಸ್ಸಿಗೆ ನೋವಾಗೋ ಮಾತಾಡಿದವರಿಗೆ ನೀರಿಲ್ಲ ಅಂತ ಸಾರಿಬಿಡಿ. ಯಾವ ಮಾತಿಂದ ನೋವಾಗುತ್ತೆ ಅನ್ನೋದನ್ನ ನಾನು ನೋಡ್ಕೋತೀನಿ."

ಪಾಪ, ಕಾಳಯ್ಯನಿಗೆ ಅದು ನಿಜವೆನ್ನಿಸಿತು. ಅಂದಿನಿಂದ ಹೊಸ ಕಟ್ಟಳೆ ಬಂತು. ಸೀಬಕ್ಕನನ್ನು ಕೊಳದಿಂದ ಓಡಿಸಿದರು. ಅವಳು ಎಲೆಯ ಮೇಲಿನ ಇಬ್ಬನಿ ನೆಕ್ಕಿ ಗಂಟಲು ಒದ್ದೆ ಮಾಡಿಕೊಂಡಳು.

ಹುಣ್ಣು ದೊಡ್ಡದಾಯಿತು. ವಾಸನೆ ಬರತೊಡಗಿತು. ಜಿಂಕೆಮರಿ ಚೆಲುವಿ ಮೊದಲು ಅದನ್ನು ಗಮನಿಸಿ ಗುಳ್ಳೆನರಿಯ ಹತ್ತಿರ ಓಡಿದಳು.

"ನರಿಯಣ್ಣ, ಕಾಳಯ್ಯ ಮಾವನ ಬೆನ್ನಲ್ಲಿ ಹುಳ ಇದೆ!"

"ಶ್! ನಿಮ್ಮ ಮೈ ನಾರುತ್ತೆ ಅಂದರೆ ಒಡೆಯರಿಗೆ ನೋವಾಗಲ್ವಾ? ನೀರು ಬೇಕೋ ಬೇಡವೋ ನಿನಗೆ?"

ಚೆಲುವಿ ಬಾಯಿ ಮುಚ್ಚಿಕೊಂಡಳು. ಬಾಯಾರಿಕೆ ಯಾರನ್ನು ಬಿಟ್ಟಿದೆ? ಉಳಿದವರೂ ಹಾಗೆಯೇ ಮಾಡಿದರು. ಕಾಡುಹಂದಿಯಂತೂ ಮೂಗು ಹಿಡಿದುಕೊಂಡೇ, "ಯಜಮಾನರ ಮೈ ಇವತ್ತು ಸಂಪಿಗೆ ಥರ ಘಮಘಮ ಅಂತಿದೆ" ಎಂದು ಬೆಣ್ಣೆ ಹಚ್ಚಿ ನೀರು ಕುಡಿಯಿತು. ಎಲ್ಲರ ಮಾತೂ ಸಿಹಿಯಾಯಿತು. ಕಾಳಯ್ಯನ ಉರಿ ಮಾತ್ರ ಇಳಿಯಲಿಲ್ಲ. ಕೊನೆಗೆ ಅವನು ದಡದಲ್ಲಿ ಮಲಗಿಬಿಟ್ಟನು. ಗುಳ್ಳೆನರಿ ಪಕ್ಕದಲ್ಲೇ ಕುಳಿತು ತುಟಿ ಸವರಿಕೊಳ್ಳುತ್ತಿತ್ತು.

ಮರದ ಮೇಲಿನಿಂದ ಇದನ್ನು ಕಂಡ ಸೀಬಕ್ಕನಿಗೆ ತಡೆಯಲಾಗಲಿಲ್ಲ. ನೇರವಾಗಿ ಹಾರಿ ಬಂದು ಕಾಳಯ್ಯನ ಮೂಗಿನ ಮುಂದೆ ಕುಳಿತಳು.

"ಲೋ ಕಾಳಯ್ಯ! ನಿನ್ನ ಬೆನ್ನು ಕೊಳೀತಿದೆ. ಹುಳ ಬಿದ್ದಿದೆ. ಗಬ್ಬು ನಾರ್ತಿದೀಯ!"

"ನೋಡಿದಿರಾ ಒಡೆಯಾ, ಮತ್ತೆ ಚುಚ್ಚಿದಳು!" ಎಂದು ನರಿ ಕಿರುಚಿತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಕಾಳಯ್ಯನೂ ಒದೆಯಲು ಎದ್ದನು. ಆದರೆ ಕಾಲು ನಡುಗಿ ಕುಸಿದನು.

ಸೀಬಕ್ಕ ಕದಲಲಿಲ್ಲ. "ನನ್ನ ಮಾತಿಂದ ನಿನ್ನ ಒಂದು ಕೂದಲೂ ಕೊಂಕಿಲ್ಲ ಕಣೋ. ಬೇಜಾರಾಗಿರಬಹುದು, ಬೈಕೊಂಡು ಮರೆತುಬಿಡಬೇಕಿತ್ತು. ನಿನ್ನನ್ನ ತಿಂತಾ ಇರೋದು ಹುಳ. ನಂಬಿಕೆ ಇಲ್ಲದಿದ್ರೆ ಇಲ್ಲೇ ನಿಂತಿರೋ ಚೆಲುವೀನ ಕೇಳು, ಅವಳು ಸುಳ್ಳು ಹೇಳೋಳಲ್ಲ."

ಕಾಳಯ್ಯ ಚೆಲುವಿಯತ್ತ ತಿರುಗಿದನು. ಅವಳು ನರಿಯ ಮುಖ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರಬೇಡ ಮಗಳೇ. ಏನು ಹೇಳಿದ್ರೂ ನಿನಗೆ ನೀರಿದೆ" ಎಂದನು ಕಾಳಯ್ಯ.

ಚೆಲುವಿ ಅತ್ತುಬಿಟ್ಟಳು. "ನಿಜ ಮಾವ. ಆವತ್ತೇ ನರಿಯಣ್ಣಂಗೆ ಹೇಳಿದ್ದೆ. ಹೇಳಬೇಡ ಅಂತ ಅವನೇ ಹೆದರಿಸಿದ."

ಕಾಳಯ್ಯ ಸೀಬಕ್ಕನ ಮುಂದೆ ತಲೆ ತಗ್ಗಿಸಿದನು. "ಸೀಬಕ್ಕ, ತಪ್ಪಾಯ್ತು. ಉಳಿಸಮ್ಮ" ಎಂದನು.

ಸೀಬಕ್ಕ ಕೂಗು ಹಾಕಿದಳು. ಅವಳ ಬಳಗದ ಹಕ್ಕಿಗಳೆಲ್ಲ ಬಂದು ಬೆನ್ನ ಮೇಲೆ ಇಳಿದವು. ಒಂದೊಂದೇ ಹುಳ ಹೆಕ್ಕಿದವು. ಸಿಬಿರನ್ನು ಕಿತ್ತೆಸೆದವು. ಕಾಳಯ್ಯ ನೋವಿಗೆ ನರಳಿದನು. ಆಮೇಲೆ ಉರಿ ಮೆಲ್ಲಗೆ ಇಳಿಯಿತು. ಎಷ್ಟೋ ದಿನಗಳ ಮೇಲೆ ಅವನು ಹಾಯಾಗಿ ಉಸಿರುಬಿಟ್ಟನು.

ಅಷ್ಟರಲ್ಲಿ ಪ್ರಾಣಿಗಳೆಲ್ಲ ನರಿಯನ್ನು ಸುತ್ತುವರಿದಿದ್ದವು. "ಮೋಸಗಾರ!" ಎಂದಿತು ಹಂದಿ. "ಹೆಣಕ್ಕೆ ಕಾದು ಕೂತವನು!" ಎಂದಿತು ಮೊಲ.

"ಅಯ್ಯೋ ಒಡೆಯಾ, ನನ್ನ ಮನಸ್ಸಿಗೆ ನೋವಾಯ್ತು! ಇವರ ಬಾಯಿ ಮುಚ್ಚಿಸಿ!" ಎಂದು ನರಿ ಅಂಗಲಾಚಿತು.

ಕಾಳಯ್ಯ ನಕ್ಕುಬಿಟ್ಟನು. "ನಿನ್ನ ಕಟ್ಟಳೆ ಇವತ್ತಿಗೆ ಮುಗೀತು ನರಿಯಪ್ಪ. ನಿನ್ನನ್ನ ಯಾರೂ ಹೊಡೆಯಲ್ಲ, ನಿನ್ನ ಬಾಯೂ ಕಟ್ಟಲ್ಲ. ಅವರು ಹೇಳೋದು ಕೇಳು. ನಿನ್ನ ಹತ್ತಿರ ಉತ್ತರ ಇದ್ರೆ ಕೊಡು. ಆಮೇಲೆ ನೀರು ಕುಡಿ."

ನಿಜವನ್ನು ಕೇಳುತ್ತಾ ನಿಲ್ಲಲು ನರಿಗೆ ಆಗಲಿಲ್ಲ. ಬಾಲವನ್ನು ಕಾಲಸಂದಿಗೆ ಸೇರಿಸಿ, ನೀರು ಕುಡಿಯದೆಯೇ ಒಣಗುಡ್ಡದ ಆಚೆಗೆ ಓಡಿತು. ಮತ್ತೆ ಆ ಕಡೆ ತಲೆಹಾಕಲಿಲ್ಲ.

ಕೆಲವು ದಿನಗಳಲ್ಲಿ ಕಾಳಯ್ಯನ ಬೆನ್ನಿನ ಹುಣ್ಣು ಮಾಯಿತು. ಮೈಗೆಲ್ಲ ತಂಪು ಮಣ್ಣು ಮೆತ್ತಿಕೊಂಡು ನಿಂತಿದ್ದ ಅವನನ್ನು ನೋಡಿ ಸೀಬಕ್ಕ, "ಏನಪ್ಪಾ, ಮದುವೆ ಗಂಡಿನ ಹಾಗೆ ಸಿಂಗಾರ! ಹೆಣ್ಣು ಕೊಡೋರು ಮಾತ್ರ ಯಾರೂ ಕಾಣಲ್ಲ" ಎಂದಳು.

ಎಲ್ಲರೂ ಉಸಿರು ಬಿಗಿಹಿಡಿದರು. ಕಾಳಯ್ಯನಿಗೆ ಮಾತು ಚುರುಕ್ಕೆಂದಿತು. ಅವನು ಒಮ್ಮೆ ಬುಸುಗುಟ್ಟಿದನು.

"ನಿನ್ನ ಬಾಯಿಗೆ ಹೆದರಿ ಯಾರೂ ಬರ್ತಿಲ್ಲ ಕಣೆ" ಎಂದು ಹೇಳಿ, ಪಕ್ಕಕ್ಕೆ ಸರಿದು ಅವಳಿಗೆ ನೀರಿನ ದಾರಿ ಬಿಟ್ಟನು.

ನೀತಿ: ಕಿವಿಗೆ ಕಹಿಯಾದ ಮಾತೆಲ್ಲ ಕೇಡಲ್ಲ. ಮಾತನ್ನು ತಾಳಿಕೊಳ್ಳಲು ಕಲಿಯಬೇಕು. ಎಲ್ಲರ ಬಾಯಿ ಮುಚ್ಚಿಸಿದವನಿಗೆ ಅವನ ಬೆನ್ನಿನ ಹುಣ್ಣು ತೋರಿಸುವವರೂ ಇರುವುದಿಲ್ಲ.