ಓಗೊಟ್ಟ ಗುಡ್ಡ

ಕೊಡಗಿನ ದಕ್ಷಿಣದ ಅಂಚಿನಲ್ಲಿ, ವಯನಾಡಿನ ಕಾಡು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಹಳೆಯದೊಂದು ಕಾಫಿ ತೋಟವಿದೆ. ದೊರೆಯ ಬಂಗಲೆ ಈಗ ರೆಸಾರ್ಟ್ ಆಗಿದೆ. ಕಾಫಿ ಹಣ್ಣು ತೊಳೆಯುತ್ತಿದ್ದ ಶೆಡ್ಡನ್ನು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅಲ್ಲಿ ದೊರೆಯ ಪಿಂಗಾಣಿ ಬಟ್ಟಲು, ದೊರೆಸಾನಿಯ ಹೊಲಿಗೆ ಪೆಟ್ಟಿಗೆ, ಗಾಜಿನ ಹಿಂದೆ ಉದ್ದನೆಯದೊಂದು ಚಾವಟಿ ಇವೆ. ಚಾವಟಿಯ ಕೆಳಗೆ ‘ಕುದುರೆಗೆ ಬಳಸುತ್ತಿದ್ದುದು’ ಎಂಬ ಚೀಟಿ. ದೊರೆಗಿದ್ದದ್ದು ಒಂದೇ ಕುದುರೆ, ಅದೂ ಮುದಿ ಸಾಧು ಪ್ರಾಣಿ ಎಂದು ಶೆಡ್ಡು ಗುಡಿಸುವ ಬೆಳ್ಳಿಯಜ್ಜಿ ಹೇಳುತ್ತಾಳೆ; ಚೀಟಿ ಬರೆದವರು ಅವಳನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಶೆಡ್ಡಿನ ಹಿಂದೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಚಪ್ಪಟೆ ಬಂಡೆ. ‘ಎಕೋ ಪಾಯಿಂಟ್: ದೊರೆಯವರು ಕೆಲಸಗಾರರನ್ನು ಪ್ರತಿದಿನ ಹೆಸರು ಹಿಡಿದು ಪ್ರೀತಿಯಿಂದ ವಿಚಾರಿಸುತ್ತಿದ್ದ ಸ್ಥಳ’ ಎಂದು ಅಲ್ಲಿ ಬಣ್ಣದ ಫಲಕ ನೆಟ್ಟಿದ್ದಾರೆ. ಕೆಲಸಗಾರರ ಲೈನ್ ಮನೆಗಳಲ್ಲಿ ಮಾತ್ರ ಆ ಹೆಸರನ್ನು ಯಾರೂ ಬಳಸುವುದಿಲ್ಲ. ಅವರಿಗೆ ಅದು ಓಗೊಟ್ಟ ಗುಡ್ಡ.

ಹಿಂದೆ ಒಮ್ಮೆ, ಗದ್ದೆ ತೋಟಗಳ ಜೊತೆಗೆ ಆಳುಗಳನ್ನೂ ಕೊಟ್ಟು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಈ ತೋಟದಲ್ಲಿ ಬೊಳಕನೆಂಬ ಮುದುಕನಿದ್ದ. ಜೀತ ಕೂಡದು ಎಂದು ಎಲ್ಲೋ ಕಾನೂನು ಆಗಿತ್ತಂತೆ, ಆ ಕಾಗದ ಈ ಗುಡ್ಡ ಹತ್ತಿ ಬಂದಿರಲಿಲ್ಲ. ಬೊಳಕನೂ ಜೀತದವನೇ. ಅವನ ಕೆಲಸ ಹೆಸರು ಕೂಗುವುದು. ನಸುಕಿನ ಮಂಜಿನಲ್ಲಿ ಆಳುಗಳು ಗುಡ್ಡದ ಮೇಲೆ ತಂತಮ್ಮ ಸಾಲುಗಳಿಗೆ ಹೋಗಿ ನಿಲ್ಲಬೇಕು, ಇವನು ಬಂಡೆಯ ಮೇಲೆ ನಿಂತು ಒಬ್ಬೊಬ್ಬರನ್ನೇ ಕೂಗಬೇಕು, ಅವರು ‘ಓ’ ಎನ್ನಬೇಕು. ಯಾರ ಮುಖವೂ ಯಾರಿಗೂ ಕಾಣದು. ಆದರೆ ಬೊಳಕನ ಕಿವಿಯಲ್ಲಿ ಅಷ್ಟೂ ಜನರ ದನಿ ಬೇರೆ ಬೇರೆಯಾಗಿ ಇತ್ತು. ಒಬ್ಬರ ಬದಲು ಇನ್ನೊಬ್ಬರು ಓಗೊಟ್ಟರೆ ಆ ಕ್ಷಣವೇ ಹಿಡಿಯುತ್ತಿದ್ದ. ಅದಕ್ಕಾಗಿ ದೊರೆ ಅವನಿಗೊಂದು ಕಂಬಳಿಯನ್ನೂ ಎರಡನೆಯ ಸಲ ಗಂಜಿಯನ್ನೂ ಕೊಡಿಸುತ್ತಿದ್ದ. ಅದೇ ಕಾರಣಕ್ಕೆ ಅವನು ಬಂದರೆ ಲೈನಿನಲ್ಲಿ ಮಾತು ನಿಲ್ಲುತ್ತಿತ್ತು. ಹೆಂಡತಿ ಚಾತಿ ಕೂಡ ಅವನೆದುರು ಎಲ್ಲವನ್ನೂ ಆಡುತ್ತಿರಲಿಲ್ಲ.

ಆ ವರ್ಷ ಮಾಚಿ ಎಂಬವಳ ಮಗಳನ್ನು ವಾರ ಕಳೆದ ಮೇಲೆ ಇನ್ನೊಂದು ತೋಟದ ದೊರೆಗೆ ಜೀತಕ್ಕೆ ಕೊಡುವುದೆಂದು ನಿಶ್ಚಯವಾಯಿತು. ಮಗುವಿಗೆ ಹಾಲುಹಲ್ಲು ಉದುರುತ್ತಿದ್ದ ವಯಸ್ಸು. ಮರುದಿನ ಬೆಳಗ್ಗೆ ಬೊಳಕ ಎಂದಿನಂತೆ “ಮಾಚೀ...” ಎಂದು ಕೂಗಿದ. ಮಂಜಿನೊಳಗಿಂದ “ಓ” ಎಂದು ಬಂತು. ಅದು ಮಾಚಿಯ ದನಿಯಲ್ಲ. ತಾಯಿ ಮಗಳು ಕಾಡು ಹಿಡಿದಿದ್ದಾರೆ, ಇಡೀ ಲೈನಿಗೆ ಗೊತ್ತು, ತನಗೊಬ್ಬನಿಗೆ ಹೇಳಿಲ್ಲ ಎಂದು ಅವನಿಗೆ ತಿಳಿಯಿತು. ಅವನಿಗೆ ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು ಎನ್ನುತ್ತಾರೆ. ಕೆಳಗೆ ದೊರೆ ಕುದುರೆಯ ಮೇಲೆ ಕೂತು ಕೇಳುತ್ತಿದ್ದ. ಬೊಳಕ ಮುಂದಿನ ಹೆಸರು ಕೂಗಿದ. ಎರಡನೆಯ ದಿನ ಬೇರೊಂದು ದನಿ, ಮೂರನೆಯ ದಿನ ಮತ್ತೊಂದು. ಆ ದಿನಗಳಲ್ಲಿ ಹಗಲಿಗೂ ಮಂಜು ಬಿಡಲಿಲ್ಲ. ಘಟ್ಟ ದಾಟಲು ಐದು ದಿನದ ದಾರಿ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಐದನೆಯ ದಿನ ಓಗೊಟ್ಟದ್ದು ಚಾತಿ. ನಲವತ್ತು ವರ್ಷ ಮಗ್ಗುಲಲ್ಲಿ ಕೇಳಿದ ದನಿ ಬೊಳಕನಿಗೆ ತಪ್ಪೀತೇ? ಅದೇ ಹೊತ್ತಿಗೆ ಗಾಳಿ ಎದ್ದು ಮಂಜು ಸರ್ರನೆ ಹರಿಯಿತು. ಮಾಚಿಯ ಸಾಲು ಖಾಲಿ ಇತ್ತು. ದೊರೆ ಕುದುರೆಯನ್ನು ಬಂಡೆಯ ಹತ್ತಿರಕ್ಕೆ ತಂದ.

“ಈಗ ಓ ಎಂದವರು ಯಾರು? ನಿನ್ನ ಕಿವಿಗೆ ಗೊತ್ತಿದೆ. ಹೇಳು.”

ಬೊಳಕ ಗುಡ್ಡದ ಕಡೆ ನೋಡಿದ. ಚಾತಿ ತಲೆ ತಗ್ಗಿಸಿ ನಿಂತಿದ್ದಳು. “ಗುಡ್ಡ ಓಗೊಡ್ತು, ದೊರೆ,” ಎಂದ.

ದೊರೆ ನಕ್ಕನಂತೆ. ಗುಡ್ಡ ಒಮ್ಮೆ ಓಗೊಟ್ಟಿದ್ದರೆ ಇನ್ನೊಮ್ಮೆಯೂ ಓಗೊಡಲಿ, ಅಲ್ಲಿಯವರೆಗೆ ಕೂಗು, ನೀರು ಕೊಡಬೇಡಿ, ನಡುವೆ ಬಾಯಿಬಿಟ್ಟವರ ಬೆನ್ನು ಸುಲಿಯಿರಿ ಎಂದು ಆಜ್ಞೆ ಮಾಡಿದ. ಮುದುಕ ಸೋತು ನಿಜ ಹೇಳುವುದನ್ನು ನೋಡಿಯೇ ಹೋಗಬೇಕೆಂಬ ಹಟಕ್ಕೆ ಕುರ್ಚಿ ತರಿಸಿ ಕೂತ. ಓಡಿಹೋದವರನ್ನು ಹಿಡಿಯಲು ಕಾಡಿಗೆ ಹೊರಡಬೇಕಿದ್ದ ಕೋವಿಯವರು ನಾಯಿಗಳೊಂದಿಗೆ ಅಲ್ಲೇ ಉಳಿದರು. ಬೊಳಕನಿಗೆ ಬೇಕಾಗಿದ್ದದ್ದೂ ಅದೇ. ಅವನು ಕೂಗುತ್ತಲೇ ಹೋದ. ಬಿಸಿಲೇರಿತು, ದನಿ ಒಡೆಯಿತು, ತುಟಿಯಲ್ಲಿ ರಕ್ತ ಬಂತು, ಮಾಚಿಯ ಹೆಸರು ನಿಲ್ಲಲಿಲ್ಲ. ಗುಡ್ಡದ ಮೇಲೆ ಜನ ಸೆರಗು ಕಚ್ಚಿಕೊಂಡು ಅಳುತ್ತಿದ್ದರು. ಒಬ್ಬರೂ ಓ ಎನ್ನಲಿಲ್ಲ, ಎನ್ನಬಾರದೆಂದು ಬೊಳಕನೇ ಕಣ್ಣಲ್ಲಿ ಬೇಡಿಕೊಳ್ಳುತ್ತಿದ್ದ. ಹೊತ್ತು ಇಳಿಯುವಾಗ ಮಂಜು ಮತ್ತೆ ಕವಿಯಿತು. ಕಡೆಯ ಕೂಗಿನಲ್ಲಿ ದನಿಯೇ ಇರಲಿಲ್ಲ, ತುಟಿ ಮಾತ್ರ ಆಡಿತು. ಆಗ ಮಂಜಿನೊಳಗಿಂದ, ಇಡೀ ಗುಡ್ಡವೇ ಬಾಯ್ದೆರೆದಂತೆ, “ಓ” ಎಂದು ಬಂತು. ನಾಯಿಗಳು ಬಾಲ ಮಡಚಿ ಕುರ್ಚಿಯ ಅಡಿಗೆ ನುಗ್ಗಿದವು. ಕುದುರೆ ಹಗ್ಗ ಕಿತ್ತುಕೊಂಡು ಓಡಿತು. ಬೊಳಕ ಆ ದನಿಯನ್ನು ಗುರುತು ಹಿಡಿದವನಂತೆ ತಲೆಯಾಡಿಸಿ, ಬಂಡೆಯ ಮೇಲೆಯೇ ಕುಸಿದು ಪ್ರಾಣ ಬಿಟ್ಟ ಎನ್ನುತ್ತಾರೆ. ಮರುದಿನದಿಂದ ದೊರೆ ಆ ಬಂಡೆಯ ಕಡೆ ಸುಳಿಯಲಿಲ್ಲ. ಮಾಚಿಯೂ ಮಗಳೂ ಏನಾದರೆಂಬ ಸುದ್ದಿ ಯಾರಿಗೂ ಬರಲಿಲ್ಲ. ಹಿಡಿದು ತಂದಿದ್ದರೆ ಬರುತ್ತಿತ್ತು.

ಈಗಲೂ ಹೋದವರಿಗೆ ಬಂಡೆ ಕಾಣುತ್ತದೆ. ಸುತ್ತ ಹಾವಸೆ ಕಟ್ಟಿದ್ದರೂ ನಡುವೆ ಎರಡು ಹೆಜ್ಜೆಯಷ್ಟು ಜಾಗ ಬೋಳಾಗಿದೆ. ಪ್ರವಾಸಿಗರು ಅಲ್ಲಿ ನಿಂತು ತಮ್ಮ ಹೆಸರನ್ನೇ ಕೂಗುತ್ತಾರೆ, ಗುಡ್ಡ ಅದನ್ನೇ ತಿರುಗಿ ಒಪ್ಪಿಸುತ್ತದೆ, ಎಲ್ಲರೂ ನಗುತ್ತಾರೆ. ಲೈನ್ ಮನೆಗಳಲ್ಲಿ ಮಾತ್ರ ಇಂದಿಗೂ ಒಂದು ರೂಢಿಯಿದೆ. ಯಾರನ್ನಾದರೂ ಕೂಗಿ, ಅವರು ಹತ್ತಿರ ಇಲ್ಲದಿದ್ದರೆ, ಇದ್ದವರು ಓ ಎನ್ನುತ್ತಾರೆ. ಕೂಗಿದ ಹೆಸರು ಖಾಲಿ ಉಳಿಯಬಾರದು.

ಕಳೆದ ಕೊಯ್ಲಿನಲ್ಲಿ ಮೈಸೂರಿನಿಂದ ಬಂದಿದ್ದ ಶಾಲೆಯ ಮೇಡಮ್ಮೊಬ್ಬರು ಫಲಕ ಓದಿ, ಬೆಳ್ಳಿಯಜ್ಜಿಯ ಮಾತನ್ನೂ ಕೇಳಿ, ಸುಮ್ಮನಿರಲಾರದೆ ಬಂಡೆ ಹತ್ತಿ “ಮಾಚೀ...” ಎಂದು ಕೂಗಿದರು. ಮಾಚೀ ಎಂದು ತಿರುಗಿ ಬರಲಿಲ್ಲ. ಸ್ವಲ್ಪ ಹೊತ್ತು ಕಳೆದು, ಮಂಜಿನೊಳಗಿಂದ, ಹೆಣ್ಣು ದನಿಯಲ್ಲಿ “ಓ” ಎಂದು ಬಂತು. ಮೇಡಂ ಬಂಡೆಯಿಂದ ಇಳಿದು ಬೆಳ್ಳಿಯಜ್ಜಿಯ ಹತ್ತಿರ ಬಂದರು.

“ಅಜ್ಜೀ, ಮೇಲೆ ಹಣ್ಣು ಕೊಯ್ಯೋ ಹೆಂಗಸ್ರು ಇದ್ದಾರಲ್ವಾ? ಅವರಲ್ಲಿ ಯಾರೋ ಅಂದದ್ದು ತಾನೇ? ಯಾರ ದನಿ ಅದು?”

ಬೆಳ್ಳಿಯಜ್ಜಿ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಬೊಳಕಜ್ಜನೇ ಹೇಳಲಿಲ್ಲ ಮೇಡಂ,” ಎಂದಳು. “ನಾನು ಹೇಳ್ತೀನಾ?”