ಕಲ್ಲು ಕಳೆದುಕೊಂಡ ನೆರಳು

ಕಣ್ಣು ಮುಚ್ಚಬೇಡಿ, ಕೇಳಿ.

ಬಯಲಲ್ಲಿ ಒಂದು ವೀರಗಲ್ಲು ನಿಂತಿತ್ತು. ಊರ ಕರುಗಳನ್ನು ಉಳಿಸಿ ಸತ್ತ ಮಾಚನ ಕಲ್ಲು. ಒಂದು ಬೆಳಿಗ್ಗೆ ಕಲ್ಲು ಇರಲಿಲ್ಲ. ನೆರಳು ಮಾತ್ರ ಇತ್ತು.

"ಹೊತ್ತು ಮುಳುಗುವುದರೊಳಗೆ ಕಲ್ಲು ಸಿಗಬೇಕು. ಇಲ್ಲದಿದ್ದರೆ ಕತ್ತಲಲ್ಲಿ ಕರಗಿಹೋಗುತ್ತೇನೆ" ಎಂದಿತು ನೆರಳು. ಸರಸರ ಹೊರಟಿತು. ಹುಲ್ಲು ಅಲುಗಲಿಲ್ಲ.

ಹಳ್ಳದಲ್ಲಿ ಬಸಲವ್ವ ಬಟ್ಟೆ ಒಗೆಯುತ್ತಿದ್ದಳು.

"ಅಕ್ಕಾ, ಅಕ್ಕಾ, ನೀನು ಒಗೆಯುವ ಕಲ್ಲು ಮಾಚನದು. ಕೊಡು."

"ಅಯ್ಯಯ್ಯೋ, ಆಳಿಲ್ಲ, ಬರೀ ನೆರಳು! ಯಾವ ಮಾಚ? ನಸುಕಿನಲ್ಲಿ ಬಯಲಲ್ಲಿ ಬೋರಲು ಬಿದ್ದಿತ್ತು, ಗಾಡಿಯಲ್ಲಿ ತಂದೆವು. ಬೇರೆ ಕಲ್ಲು ತಾ, ಕೊಡುತ್ತೇನೆ."

ನೆರಳು ಕಲ್ಲುಕುಟಿಗ ದುರುಗಣ್ಣನ ಬಳಿ ಹೋಯಿತು.

"ಅಣ್ಣಾ, ಅಣ್ಣಾ, ಕಲ್ಲು ಕೊಡು. ಕಲ್ಲು ಬಸಲವ್ವನಿಗೆ. ಬಸಲವ್ವ ಮಾಚನ ಕಲ್ಲು ಕೊಡುತ್ತಾಳೆ."

"ಉಳಿ ಮೊಂಡಾಗಿದೆ. ಉಗುರಲ್ಲಿ ಕೆತ್ತಲೇನು? ಹೊಸ ಉಳಿ ತರಿಸು."

ಹೊತ್ತು ವಾಲಿತು. ನೆರಳು ಉದ್ದವಾಯಿತು. ಕಮ್ಮಾರನ ಬಳಿ ಹೋಯಿತು.

"ಮಾವಾ, ಮಾವಾ, ಉಳಿ ಕೊಡು. ಉಳಿ ದುರುಗಣ್ಣನಿಗೆ. ದುರುಗಣ್ಣ ಕಲ್ಲು ಕೊಡುತ್ತಾನೆ. ಕಲ್ಲು ಬಸಲವ್ವನಿಗೆ. ಬಸಲವ್ವ ಮಾಚನ ಕಲ್ಲು ಕೊಡುತ್ತಾಳೆ."

"ಕೂಸು ಹಾಲಿಗೆ ಅಳುತ್ತಿದೆ. ತಿದಿ ಒತ್ತಲೋ, ತೊಟ್ಟಿಲು ತೂಗಲೋ? ಹಾಲು ತರಿಸು."

ಹೊತ್ತು ಇನ್ನೂ ವಾಲಿತು. ನೆರಳು ಇನ್ನೂ ಉದ್ದವಾಯಿತು. ಬೋಳು ಬಯಲಲ್ಲಿ ಒಂದು ಮೇಕೆ ನಿಂತಿತ್ತು.

"ಮೇಕೆಯಮ್ಮಾ, ಮೇಕೆಯಮ್ಮಾ, ಹಾಲು ಕೊಡು. ಹಾಲು ಕೂಸಿಗೆ. ಕೂಸಿನ ಅಪ್ಪ ಉಳಿ ಕೊಡುತ್ತಾನೆ. ಉಳಿ ದುರುಗಣ್ಣನಿಗೆ. ದುರುಗಣ್ಣ ಕಲ್ಲು ಕೊಡುತ್ತಾನೆ. ಕಲ್ಲು ಬಸಲವ್ವನಿಗೆ. ಬಸಲವ್ವ ಮಾಚನ ಕಲ್ಲು ಕೊಡುತ್ತಾಳೆ."

"ನನ್ನ ಮರಿ ಬಿಸಿಲಿಗೆ ಬಾಡಿದೆ. ಕಣ್ಣೇ ಬಿಡುತ್ತಿಲ್ಲ. ಮೊದಲು ನೆರಳು ಕೊಡು."

ನೆರಳಿನ ಬಳಿ ಇದ್ದದ್ದು ಅದೊಂದೇ. ಅದು ಮರಿಯ ಮೇಲೆ ಮೆಲ್ಲಗೆ ಹರಡಿತು. ಒಳಗೆ ತಣ್ಣಗಿತ್ತು. ಒಳಗೆ ಎಲ್ಲೋ ದೂರದಲ್ಲಿ ಕರುಗಳ ಗೊರಸಿನ ಸದ್ದು. ಮರಿ ಕಣ್ಣು ಬಿಟ್ಟಿತು.

ನೆರಳು ಮುಂದೆ ನಡೆಯಿತು. ಮರಿ ನೆರಳಿನೊಳಗೆ. ಮೇಕೆ ಹಿಂದೆ.

ಮೇಕೆ ಹಾಲು ಕೊಟ್ಟಿತು. ಹಾಲು ಕೂಸಿಗೆ. ಕೂಸಿನ ಅಪ್ಪ ಉಳಿ ಕೊಟ್ಟ. ಉಳಿ ದುರುಗಣ್ಣನಿಗೆ. ದುರುಗಣ್ಣ ಕಲ್ಲು ಕೊಟ್ಟ. ಕಲ್ಲು ಬಸಲವ್ವನಿಗೆ. ಬಸಲವ್ವ ಮಾಚನ ಕಲ್ಲನ್ನು ಹೊರಳಿಸಿದಳು.

ಅಡಿಯಲ್ಲಿ ಭರ್ಜಿ ಹಿಡಿದ ಮಾಚ. ಅವನ ಕಾಲ ಬಳಿ ಕರುಗಳು.

"ನನ್ನಪ್ಪಾ! ಅದಕ್ಕೇ ಬೆಳಗಿನಿಂದ ಕಲ್ಲಿನಡಿ ಅಂಬಾ ಅನ್ನುತ್ತಿತ್ತು!"

ಎಲ್ಲರೂ ಸೇರಿ ಕಲ್ಲನ್ನು ಬಯಲಲ್ಲಿ ನಿಲ್ಲಿಸಿದರು. ನೆರಳು ಕಲ್ಲಿನ ಬುಡಕ್ಕೆ ಅಂಟಿತು. ಆಗಲೇ ಹೊತ್ತು ಮುಳುಗಿತು. ನೆರಳು ಕಾಣಲಿಲ್ಲ.

"ಹೋಯಿತೇ?" ಎಂದಳು ಬಸಲವ್ವ.

"ಕಲ್ಲು ಇದೆಯಲ್ಲ. ಬರುತ್ತದೆ ಇರು" ಎಂದ ದುರುಗಣ್ಣ.

ಬೆಳಿಗ್ಗೆ ನೆರಳು ಬಂತು. ಅದರೊಳಗೆ ಮೇಕೆ ಮರಿ ಮಲಗಿತ್ತು.