ಕೆಳಗಿನ ಊರಿನ ಮಜ್ಜಿಗೆ

"ಗುರುಗಳೇ, ಇಷ್ಟು ವರ್ಷ ನಿಮ್ಮ ಹತ್ತಿರ ಇದ್ದೂ ನನ್ನ ಸಿಟ್ಟು ಹೋಗಲಿಲ್ಲ. ಇವತ್ತು ಬೆಳಿಗ್ಗೆಯೂ ಬಂತು. ಬಂದ ದಿನ ಹೇಗಿದ್ದೆನೋ ಹಾಗೇ ಇದ್ದೇನೆ. ಊರಿಗೆ ಹೋಗಿಬಿಡಲೇ?" ಎಂದು ಶಿಷ್ಯ ಕೇಳಿದ.

"ಹೋಗುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು" ಎಂದು ಗುರುಗಳು ಶುರುಮಾಡಿದರು.

ಒಬ್ಬ ಅಂಬಿಗನಿದ್ದ. ಹೊಸದಾಗಿ ಹರಿಗೋಲು ಹಿಡಿದವನು. ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಕೈ ಪಳಗದವನು ಕೂತರೆ ಬುಗುರಿಯ ಹಾಗೆ ತಿರುಗುತ್ತದೆ. ಆಚೆ ದಡದಲ್ಲಿ ಜನ ಇಳಿಯುವ ಕಡವಿಗೆಂದು ಹೊರಟವನು ಹೊಳೆಯ ಸೆಳೆತಕ್ಕೆ ಸಿಕ್ಕಿ ಕೆಳಗಿನ ಊರಿನಲ್ಲಿ ದಡ ಹತ್ತುತ್ತಿದ್ದ. ಹೆಣ್ಣು ನೋಡಲು ಹೊರಟವರನ್ನು ಒಮ್ಮೆ ಯಾರದೋ ತಿಥಿಮನೆಯ ಮುಂದೆ ಇಳಿಸಿದ್ದ. ಆಮೇಲೆ ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡದುದ್ದಕ್ಕೂ ಕಡವಿಗೆ ನಡೆಯಬೇಕು. ಆ ಊರಿನ ಅಜ್ಜಿಯೊಬ್ಬಳು ಅವನನ್ನು ಕರೆದು ಮಜ್ಜಿಗೆ ಕೊಡುತ್ತಿದ್ದಳು. ಕೊಟ್ಟು ಹೊಟ್ಟೆ ತುಂಬ ನಗುತ್ತಿದ್ದಳು.

ದಿನಗಳು ಹೋದವು. ಅಂಬಿಗನ ಕಣ್ಣು ಯಾವಾಗಲೂ ಕಡವಿನ ಮೇಲೆ. ಕಡವು ಯಾವಾಗಲೂ ಅವನಿಗಿಂತ ಮೇಲಕ್ಕೇ ಇರುತ್ತಿತ್ತು. ಒಂದು ದಿನ ಹರಿಗೋಲು ಕಡವಿಗೆ ಕೂಗಳತೆಯಷ್ಟು ಕೆಳಗೆ, ಬಟ್ಟೆ ಒಗೆಯುವ ಕಲ್ಲುಗಳ ನಡುವೆ ಹೋಗಿ ನಿಂತಿತು.

"ಕಡವು ಅಲ್ಲೇ ಕಾಣ್ತಿದೆಯಲ್ಲಪ್ಪ, ಅಷ್ಟೂ ಆಗಲಿಲ್ವೇ?" ಎಂದು ಕೆಸರಿಗಿಳಿದವನೊಬ್ಬ ಗೊಣಗಿದ.

ಅಂಬಿಗನಿಗೆ ಸಾಕಾಗಿಹೋಯಿತು. ಇದು ತನ್ನಿಂದಾಗದ ಕೆಲಸ, ಹರಿಗೋಲನ್ನು ಇವತ್ತೇ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದುಕೊಂಡು ಅದನ್ನು ಹೊತ್ತು ನಡೆದ.

ಕಡವಿನಲ್ಲಿ ಆ ಅಜ್ಜಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಿದ್ದಳು.

"ಬದುಕಿದ್ದೀಯೇನೋ ಮಗನೇ? ಎಷ್ಟು ದಿನ ಆಯ್ತು, ನಮ್ಮ ಕಡೆ ತಲೆಯೇ ಹಾಕಿಲ್ಲ. ಹೊಳೆ ನುಂಗಿತೋ ಏನೋ ಅಂತ ಹುಡುಕ್ಕೊಂಡು ಬಂದೆ."

ಅಂಬಿಗ ನಿಂತಲ್ಲೇ ನಿಂತ. ಕೆಳಗಿನ ಊರಿನ ದಾರಿ ಸವೆಸುವುದು ತಾನು ಯಾವಾಗ ಬಿಟ್ಟೆ ಎಂಬುದೇ ಅವನಿಗೆ ನೆನಪಾಗಲಿಲ್ಲ. ಹರಿಗೋಲು ಇಳಿಸಿದ. ಹೊಳೆಗೆ ಕೈಮುಗಿದ, ಅಜ್ಜಿಯ ಕಾಲು ಮುಟ್ಟಿದ, ಮಜ್ಜಿಗೆಯನ್ನು ಒಂದು ತೊಟ್ಟೂ ಬಿಡದೆ ಕುಡಿದ.

"ಬಾ ಅಜ್ಜಿ, ಮನೆಗೆ ಬಿಟ್ಟು ಬರ್ತೀನಿ. ನಿಮ್ಮೂರಿಗಾದರೆ ನಾನು ಹುಟ್ಟು ಹಾಕೋದೇ ಬೇಡ, ಹರಿಗೋಲಿಗೇ ದಾರಿ ಗೊತ್ತು" ಎಂದ.

ಶಿಷ್ಯ ನಕ್ಕ. ಮತ್ತೆ ಮುಖ ಸಣ್ಣದು ಮಾಡಿ ಕೇಳಿದ: "ಅವನಿಗಾದರೆ ಅಜ್ಜಿ ಬಂದಳು. ನನಗೆ ಯಾರು ಬಂದು ಹೇಳಬೇಕು?"

ಗುರುಗಳು ಹೇಳಿದರು: "ಮೊದಲೆಲ್ಲ ನಿನಗೆ ಸಿಟ್ಟು ಬಂದರೆ ದೂರು ಹೇಳಲು ಊರಿಗೆ ಊರೇ ನನ್ನ ಹತ್ತಿರ ಬರುತ್ತಿತ್ತು, ಇವತ್ತು ನೀನೊಬ್ಬನೇ ಬಂದಿದ್ದೀಯ."